ಬಾಯ್ಲರ್ ಶಾಪಿನ ಶ್ರುತಿ

ಎಳೆಗಾರ ಬಂದ ವರ್ಷ ನಮ್ಮ ಓಣಿಯವರೆಲ್ಲ ಅಟ್ಟ ಹತ್ತಿ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕತೊಡಗಿದರು. ಮದುವೆಯದೋ, ತೊಟ್ಟಿಲ ಕಾರ್ಯದ್ದೋ, ಯಾವುದಾದರೂ ನಡೆಯುತ್ತಿತ್ತು. ಧಾರವಾಡದ ಶಬ್ದ ಸಂಗ್ರಹಾಲಯದಲ್ಲಿ ಕೂರಿಸಿದ್ದ ಆ ಯಂತ್ರಕ್ಕೆ ಅದನ್ನು ಕಟ್ಟಿದವರು ಏನೋ ಉದ್ದದ ಹೆಸರಿಟ್ಟಿದ್ದರು. ಜನ ಮಾತ್ರ ಎಳೆಗಾರ ಎಂದರು. ಹಳೆಯ ಸೀರೆಯ ಅಂಚಿನಿಂದ ಒಂದೊಂದೇ ದಾರ ಹಿರಿಯುತ್ತೇವಲ್ಲ, ಹಾಗೆ ಅದು ಧ್ವನಿಮುದ್ರಣದಲ್ಲಿ ಕಲಸಿಹೋದ ಶಬ್ದಗಳನ್ನು ಎಳೆ ಎಳೆಯಾಗಿ ಬಿಡಿಸುತ್ತಿತ್ತು. ಬ್ಯಾಂಡಿನ ಗದ್ದಲ ಒಂದು ಕಡೆ, ಪಾತ್ರೆಯ ಸಪ್ಪಳ ಒಂದು ಕಡೆ, ಮೂಲೆಯಲ್ಲಿ ಪಿಸುಗುಟ್ಟಿದವರ ಮಾತು ಇನ್ನೊಂದು ಕಡೆ.

ಎದುರುಮನೆಯ ಶಾಂತಕ್ಕ ತನ್ನ ಮದುವೆಯ ಕ್ಯಾಸೆಟ್ಟು ಒಯ್ದಿದ್ದಳು. ವಾಲಗದ ಹಿಂದಿನಿಂದ ಅವಳ ಅತ್ತೆಯ ದನಿ ಬಂತಂತೆ: "ಸೊಸಿಗೆ ಮೊದಲ ಊಟಕ್ಕ ಹಾಕ್ರಿ. ಮುಂಜಾನಿಂದ ಹಸಿದಾಳ." ಬದುಕಿದ್ದಷ್ಟು ದಿನ ಆ ಅತ್ತೆ ಸೊಸೆಯ ಎದುರು ಒಂದು ಮೆದು ಮಾತು ಆಡಿದವರಲ್ಲ. ಶಾಂತಕ್ಕ ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಅತ್ತೆಯ ಫೋಟೋ ಒರೆಸಿ ಹೂವು ಏರಿಸಿದಳು.

ಎಲ್ಲರಿಗೂ ಹೀಗೆ ಆಗಲಿಲ್ಲ. ಒಂದು ಗೃಹಪ್ರವೇಶದ ಕ್ಯಾಸೆಟ್ಟು ಕೇಳಿ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟರು. ಅದಾದ ಮೇಲೆ ಎಳೆ ಒಪ್ಪಿಗೆಯ ನಿಯಮ ಬಂತು. ಯಾರ ದನಿ ಅದರಲ್ಲಿ ಇದೆಯೋ ಅವರು, ಅವರಿಲ್ಲದಿದ್ದರೆ ಅವರ ಮಕ್ಕಳು, ಯಂತ್ರಕ್ಕೆ ಹಾಕುವ ಮೊದಲೇ ಸಹಿ ಮಾಡಬೇಕು. ಸಹಿ ಇಲ್ಲದ ಎಳೆಯನ್ನು ಎಳೆಗಾರ ಇಟ್ಟುಕೊಳ್ಳುವುದಿಲ್ಲ. ಬಿಡಿಸುತ್ತಲೇ ಅಳಿಸಿಬಿಡುತ್ತದೆ.

ನನ್ನ ಹತ್ತಿರವೂ ಒಂದು ಕ್ಯಾಸೆಟ್ಟು ಇತ್ತು. ನಾನು ಅದನ್ನು ಹೊರಗೆ ತೆಗೆದಿರಲಿಲ್ಲ.

ಜನವರಿಯ ಒಂದು ಮುಂಜಾನೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿಲಿಗೆ ಬಂದರು. ತಂಗಿ ಗಂಗಾ ಅಂಗಳದಲ್ಲಿ ಹಪ್ಪಳ ಹರವಿದ್ದಳು. ಬಂದವರು ಒಂದು ಹಪ್ಪಳವನ್ನೂ ತುಳಿಯದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ತುದಿಗಾಲಲ್ಲಿ ನಡೆದು ಬಂದದ್ದನ್ನು ನೋಡಿ ನನಗೆ ಮೊದಲೇ ಅವರ ಮೇಲೆ ವಿಶ್ವಾಸ ಹುಟ್ಟಿತು.

"ನೀಲಾಂಬಿಕಾ ಬಾಯಾರು ನೀವೇ ಅಲ್ರಿ?" ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ. ಮೂವತ್ತೆರಡು ವರ್ಷ ಗಣಿತ ಕಲಿಸಿದವಳು ನಾನು.

"ಹೌದ್ರಿ. ಬರ್ರಿ, ಒಳಗ ಬರ್ರಿ."

"ನಾನು ಜೆಸಿಂತಾ. ಅಲೋಶಿ ರೆಬೆಲೊ ಅವರ ಮಗಳು."

ಕೈಯಲ್ಲಿದ್ದ ಕನ್ನಡಕ ಜಾರಿತು. ಗಂಗಾ ಹಿಡಿದುಕೊಂಡಳು.

ಅಲೋಶಿ ರೆಬೆಲೊ ಎಂಬ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಹುಬ್ಬಳ್ಳಿಯ ರೈಲ್ವೆ ಕಾಲೋನಿಯಲ್ಲಿ ಎಂಜಿನ್ ಡ್ರೈವರನ ಮಗನಾಗಿ ಹುಟ್ಟಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು, ನಮ್ಮ ಮಾತಿನಲ್ಲಿ ರಾಕ್ ಹಾಡಿದವನು ಆತ. ಕೆಲಸಕ್ಕೆ ಕರೆಯುವ ವರ್ಕ್‌ಶಾಪಿನ ಸೈರನ್ನು, ನಮ್ಮವರ ಭೋಂಗಾ, ಊದುವುದರ ಮೇಲೆ ಹಾಡು, ಪಡಿತರದ ಸಾಲಿನ ಮೇಲೆ ಹಾಡು, ಹತ್ತು ನಿಮಿಷ ತಡವಾಗಿ ಬಂದವನ ಹಾಜರಿಯ ಮೇಲೆ ಹಾಡು. ಅವನ ಹೆಸರಿನ ಒಂದು ರೆಕಾರ್ಡೂ ಹೊರಬರಲಿಲ್ಲ. ಉಳಿದದ್ದು ಒಂದೇ ಕಛೇರಿಯ ಧ್ವನಿ. ಕಾಲೋನಿಯ ಸಣ್ಣ ಕ್ಲಬ್ಬಿನಲ್ಲಿ, ಎಪ್ಪತ್ತು ಕುರ್ಚಿಗಳ ಮುಂದೆ ಹಾಡಿದ್ದು. ಅದನ್ನು ಟೇಪಿನಲ್ಲಿ ಹಿಡಿದವಳು ನಾನು. ಆಗ ಕೇಳಿದವರಿಗೆ ಕಾಪಿ ಮಾಡಿಕೊಟ್ಟಿದ್ದೆ.

"ನನ್ನ ಹೆಂಗ ಹುಡುಕಿದ್ರಿ?" ಎಂದೆ.

ಜೆಸಿಂತಾ ನಕ್ಕರು. "ನಿಮ್ಮ ಕ್ಯಾಸೆಟ್ಟಿನ ಕಾಪಿ, ಕಾಪಿಯ ಕಾಪಿ ಊರೆಲ್ಲ ತಿರುಗ್ಯಾವರಿ. ಎಲ್ಲಾದರಾಗೂ ಮೊದಲಿಗೆ ಒಂದು ಹುಡುಗಿ ಹೇಳತಾಳ, 'ಇಸವಿ ಹತ್ತೊಂಬತ್ತುನೂರ ಎಂಬತ್ತಾರು, ಫೆಬ್ರುವರಿ ಒಂಬತ್ತು, ರವಿವಾರ, ಸಂಜೆ ನಾಲ್ಕು ಗಂಟೆ'. ನಮ್ಮ ಚರ್ಚಿನಾಗ ಒಬ್ಬಾಕಿಗೆ ಕೇಳಿಸಿದೆ. ಆಕಿ ಅಂದ್ಳು, 'ಇದು ನಮ್ಮ ಗಣಿತದ ಬಾಯಾರ ದನಿ. ಲೆಕ್ಕ ಹೀಂಗ ಓದತಿದ್ರು.'"

ಗಂಗಾ ಹಪ್ಪಳದ ಕೈ ಒರೆಸಿಕೊಳ್ಳುತ್ತ, "ಈಗೂ ಹಂಗ ಓದತಾಳ್ರಿ. ಸಂತಿ ಚೀಟಿ ಓದಿದ್ರೂ ಪರೀಕ್ಷಾ ಕುಂತಂಗ ಆಗತೈತಿ," ಎಂದು ಚಹಾಕ್ಕೆ ಒಳಗೆ ಹೋದಳು.

ಜೆಸಿಂತಾ ಬಂದ ಕಾರಣ ನನಗೆ ಗೊತ್ತಿತ್ತು. ಆದರೂ ಕೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದರು.

ಆ ದಿನ ಮುಂಬೈಯಿಂದ ಕ್ಯಾಸೆಟ್ಟು ಕಂಪನಿಯ ಒಬ್ಬಾತ ಕ್ಲಬ್ಬಿಗೆ ಬಂದಿದ್ದ. ಹಾಡು ಮೆಚ್ಚಿದರೆ ರೆಕಾರ್ಡು ಮಾಡುವ ಮಾತಾಗಿತ್ತು. ಕೊನೆಯ ಹಾಡಿನ ನಡುವೆ ಅಲೋಶಿಯ ಗಿಟಾರು ಶ್ರುತಿ ತಪ್ಪಿತು. ಅವನು ಹಾಡು ನಿಲ್ಲಿಸಿದ. ಬರೀ ಡ್ರಮ್ಮು ನಡೆಯಿತು. ಮತ್ತೆ ಶುರುಮಾಡಿದಾಗ ಅವನ ದನಿ, ಗಿಟಾರು ಎರಡೂ ಎಲ್ಲೋ ಕೆಳಗೆ ಇಳಿದಿದ್ದವು. ಬೇಸ್ ಗಿಟಾರಿನವನು ಮೊದಲಿನ ಸ್ವರದಲ್ಲೇ ಬಾರಿಸುತ್ತಿದ್ದ. ಕೇಳುವವರ ಹಲ್ಲು ಜುಮ್ಮೆಂದವು. ಮುಂಬೈಯವನು ಎದ್ದು ಹೋದ. ಮರುದಿನ ಪತ್ರಿಕೆಯೊಂದರಲ್ಲಿ, ಗಾಯಕರು ಕುಡಿದು ವೇದಿಕೆ ಏರಿದ್ದರು ಎಂದು ಬಂತು. ಆಮೇಲೆ ಯಾರೂ ಅವನನ್ನು ಹಾಡಲು ಕರೆಯಲಿಲ್ಲ.

"ನಾನು ಸಾಲ್ಯಾಗ ಕುಡುಕನ ಮಗಳು ಆದೆ," ಎಂದರು ಜೆಸಿಂತಾ. "ಅಪ್ಪ ಸಾಯೂ ತನಕ ಒಂದ ಮಾತು ಅಂತಿದ್ರು. 'ಆ ದಿನ ನಾ ಹನಿ ಮುಟ್ಟಿದ್ದಿಲ್ಲ. ಆ ದಿನ ಶ್ರುತಿ ಸರಿ ಇತ್ತು.' ಅವರು ಹೋದಾಗ ನನಗ ಹನ್ನೊಂದು ವರ್ಷ. ದವಾಖಾನಿ ಮಂಚದ ಮ್ಯಾಲ ಮತ್ತ ಹಂಗ ಅಂದ್ರು. ನಾ ಅಂದೆ, 'ಅಪ್ಪಾ, ಸುಳ್ಳ ಹೇಳಬ್ಯಾಡ್ರಿ. ಕ್ಯಾಸೆಟ್ಟಿನಾಗ ಕೇಳಸತೈತಿ.' ಅದೇ ಕಡೀ ಮಾತು ಆತು ಬಾಯಾರ. ಅವರು ಸುಳ್ಳ ಹೇಳಿದ್ರೋ ಇಲ್ಲೋ, ಅಷ್ಟ ಗೊತ್ತಾಗಬೇಕು ನನಗ. ಕುಡಿದಿದ್ರ ಕುಡಿದಿದ್ರು. ಗೊತ್ತಾಗಬೇಕು."

ಚಹಾ ಬಂತು. ಗಂಗಾ ಅವರ ಬಟ್ಟಲಿಗೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕಿದ್ದಳು. ಅಳುವವರಿಗೆ ಅವಳು ಹಾಗೆ ಮಾಡುತ್ತಾಳೆ. ನರ್ಸಾಗಿದ್ದ ದಿನಗಳ ರೂಢಿ.

"ಕಾಪಿಗಳಿಂದ ಆಗೂದಿಲ್ಲಂತ," ಎಂದರು ಜೆಸಿಂತಾ. "ಮೂಲ ಕ್ಯಾಸೆಟ್ಟೇ ಬೇಕಂತ."

ನಾನು ಒಳಗೆ ಹೋಗಿ ಇಳಕಲ್ ಸೀರೆಗಳ ಅಡಿಯಿಂದ ಕ್ಯಾಸೆಟ್ಟು ತಂದು ಅವರ ಕೈಯಲ್ಲಿಟ್ಟೆ. ಬೇರೆ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಇತ್ತು.

*

ಅವರು ಹೋದ ಮೇಲೆ ಗಂಗಾ ಕೇಳಿದಳು. "ಅಪ್ಪನ ಸುದ್ದಿ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ?"

"ಬಾಯೀಲೆ."

ನಮ್ಮಪ್ಪ ಗುರುಪಾದಪ್ಪ ಕಮ್ಮಾರ ರೈಲ್ವೆ ವರ್ಕ್‌ಶಾಪಿನ ಬಾಯ್ಲರ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಬಾಯ್ಲರಿನ ಹೊಟ್ಟೆಯೊಳಗೆ ಕೂತು ರಿವೆಟ್ಟು ಹಿಡಿದವರಿಗೆಲ್ಲ ಕಿವಿ ಹೋಗುತ್ತಿತ್ತು. ಅಪ್ಪನಿಗೂ ಮುಕ್ಕಾಲು ಹೋಗಿತ್ತು. ಆದರೆ ಓಣಿಯ ಭಜನಾ ಮಂಡಳಿಗೆ ಅವರೇ ಹಿರಿಯರು. ಅವರು ಹಾಡು ಎತ್ತಿದರೆ ಉಳಿದವರು ಅವರ ಶ್ರುತಿಗೆ ಕೂಡಿಕೊಳ್ಳುತ್ತಿದ್ದರು. ಹಿರಿಯರಿಗೆ 'ನಿಮ್ಮದು ತಪ್ಪು' ಎಂದು ಯಾರೂ ಹೇಳುತ್ತಿರಲಿಲ್ಲ. ಹಾರ್ಮೋನಿಯಂ ಹಿಡಿದವನೂ ಅವರನ್ನೇ ಹುಡುಕಿಕೊಂಡು ಹೋಗಬೇಕು.

ನನಗೆ ಆಗ ಇಪ್ಪತ್ತನಾಲ್ಕು. ಅಲೋಶಿಯ ಹಾಡು ಎಂದರೆ ಜೀವ. ಮದುವೆಯಾಗದ ಹುಡುಗಿ ಗಿಟಾರಿನ ಕಛೇರಿಗೆ ಒಬ್ಬಳೇ ಹೋಗುವ ಹಾಗಿರಲಿಲ್ಲ. "ನಾ ಬರತೇನಿ, ನಡಿ," ಎಂದರು ಅಪ್ಪ. ರವಿವಾರದ ಸೂಟಿ, ಕಾದ ನೀರಿನ ಜಳಕ, ಇಸ್ತ್ರಿ ಮಾಡಿದ ಧೋತರ, ತಲೆಗೆ ರುಮಾಲು. ಆ ಕ್ಲಬ್ಬಿನಲ್ಲಿ ರುಮಾಲು ಸುತ್ತಿದವರು ಅವರೊಬ್ಬರೇ. ಅವರಿಗೆ ಕೇಳಿಸುವುದಿಲ್ಲ ಎಂದು ಅರಿತ ಅಲೋಶಿ ವೇದಿಕೆಯಿಂದಲೇ ಕೈಮಾಡಿ ನಮ್ಮನ್ನು ಮೊದಲ ಸಾಲಿಗೆ ಕರೆದು ಕೂರಿಸಿದ. ನನ್ನ ಚೀಲದಲ್ಲಿ ಉಲ್ಲನ್ನಿನ ಉಂಡೆಗಳ ಕೆಳಗೆ ಟೇಪ್‌ರೆಕಾರ್ಡರು ನಡೆಯುತ್ತಿತ್ತು.

ಕೊನೆಯ ಹಾಡು ಭೋಂಗಾದ್ದು. ಅಲೋಶಿ ಒಂದು ಸಾಲು ಹಾಡುತ್ತಿದ್ದ:

ಭೋಂಗಾ ಊದಿತು, ಏಳೋ ಅಣ್ಣಾ...

ಆಮೇಲೆ ಒಂದಷ್ಟು ಬಿಡುವು. ಅದು ಗಿಟಾರಿಗೆ ಬಿಟ್ಟ ಜಾಗ. ಆದರೆ ಭಜನೆಯಲ್ಲಿ ಬೆಳೆದ ಮನುಷ್ಯನಿಗೆ ಆ ಬಿಡುವಿಗೆ ಒಂದೇ ಅರ್ಥ. ಮುಂದೆ ಕೂತು ಹಾಡುವವನು ಸಾಲು ಹೇಳಿ ನಿಲ್ಲಿಸಿದ ಎಂದರೆ, ಹಿಮ್ಮೇಳದವರು ಅದನ್ನು ತಿರುಗಿ ಹಾಡಬೇಕು. ಅಪ್ಪ ಅಲೋಶಿಯ ತುಟಿ ನಿಂತದ್ದನ್ನು ನೋಡಿದರು. ಎದೆ ತುಂಬ ಉಸಿರು ತೆಗೆದುಕೊಂಡು, ತಮ್ಮ ಶ್ರುತಿಯಲ್ಲಿ, ಇಡೀ ಕ್ಲಬ್ಬಿಗೆ ಕೇಳುವಂತೆ ಹಾಡಿದರು.

ಭೋಂಗಾ ಊದಿತು, ಏಳೋ ಅಣ್ಣಾ!

ಜನ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ನಾನು ನೆಲ ನೋಡಿದೆ. ಅಪ್ಪನ ತೋಳು ಜಗ್ಗಿದೆ. ಅವರು ನಿಲ್ಲಿಸಲಿಲ್ಲ. ಆಗ ನಾನು ಸೆರಗು ಮುದ್ದೆ ಮಾಡಿ ಚೀಲದೊಳಗೆ ತುರುಕಿ ಮೈಕಿನ ಮೇಲೆ ಒತ್ತಿ ಹಿಡಿದೆ. ಟೇಪಿನಲ್ಲಾದರೂ ಅಪ್ಪನ ದನಿ ಬಾರದಿರಲಿ ಎಂದು.

ಅದರ ನಂತರವೇ ಗಿಟಾರು ಶ್ರುತಿ ತಪ್ಪಿದ್ದು.

ಮನೆಗೆ ನಡೆದು ಬರುವಾಗ ಅಪ್ಪ ಖುಷಿಯಲ್ಲಿದ್ದರು. "ಹುಡುಗನ ಶ್ರುತಿ ಗಟ್ಟಿ ಐತಿ ನೀಲಾ. ನಡುವ ಎದ್ದು ಬಂದು ನನ್ನ ಹಂತೇಕ ಕುಂತಾ ನೋಡು," ಎಂದು ಅಂಗೈ ತೋರಿಸಿದರು. ಅಲೋಶಿ ವೇದಿಕೆಯಿಂದ ಇಳಿದು ನಮ್ಮ ಹತ್ತಿರ ಬಂದೇ ಇರಲಿಲ್ಲ. ಕಿವುಡರ ಮಾತು ಎಂದುಕೊಂಡು ನಾನು ಉತ್ತರ ಕೊಡಲಿಲ್ಲ. ಮರುದಿನ ಪತ್ರಿಕೆ ಓದಿ ನನಗೆ ಗೊತ್ತಾಯಿತು: ಅಲೋಶಿ ಕುಡಿದಿರಲಿಲ್ಲ. ನಮ್ಮಪ್ಪ ಅವನ ದಾರಿ ತಪ್ಪಿಸಿದ್ದರು. ಅದನ್ನು ನಾನು ಅಪ್ಪನಿಗೂ ಹೇಳಲಿಲ್ಲ, ಅಲೋಶಿಗೂ ಬರೆಯಲಿಲ್ಲ. ಐವತ್ತನಾಲ್ಕು ವರ್ಷ ಹಾಗೆಯೇ ಹೋದವು. ಅಪ್ಪನ ಮೊದಲ ಸಾಲು ಗಿಟಾರಿನ ಅಬ್ಬರದಲ್ಲಿ ಮುಳುಗಿತ್ತು, ಮುಂದಿನದಕ್ಕೆ ಸೆರಗು ಒತ್ತಿದ್ದರಿಂದ ಕಾಪಿಗಳಲ್ಲಿ ಅವರ ದನಿ ಯಾರಿಗೂ ಕೇಳಿಸಲಿಲ್ಲ. ಗುಂಯ್‌ಗುಡುವ ಮಬ್ಬು ಮಾತ್ರ.

"ಸಹಿ ಮಾಡಿದ್ರ ಅಪ್ಪನ ದನಿ ಹೊರಗ ಬರತೈತಿ," ಎಂದೆ ಗಂಗಾಗೆ. "ಆ ಹುಡುಗನ ಬಾಳು ಅಪ್ಪನಿಂದ ಕೆಟ್ಟಿತು ಅಂತ ಎಲ್ಲಾರಿಗೂ ಗೊತ್ತಾಗತೈತಿ. ಸಹಿ ಮಾಡದಿದ್ರ ಅಲೋಶಿ ಕುಡುಕ ಆಗೇ ಉಳೀತಾನ."

ಗಂಗಾ ಒಂದು ಸಾಲು ಹಪ್ಪಳ ಮಗುಚಿದಳು. ಆಮೇಲೆ ಅಂದಳು: "ಅಪ್ಪ ಇದ್ದಿದ್ರ ಏನ ಮಾಡತಿದ್ದ?"

"ಹೋಗಿ ತಪ್ಪಾತು ಅಂತಿದ್ದ."

"ಹಂಗಾರ ನೀ ಹೋಗು. ಸ್ವೆಟರ್ ಹಾಕ್ಕೋ. ಅಲ್ಲೆ ಏಸಿ ಭಾಳ ಇರತೈತಂತ."

*

ಶಬ್ದ ಸಂಗ್ರಹಾಲಯದ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎಳೆಗಾರ ಎಂದರೆ ಗೋದ್ರೇಜ್ ಕಪಾಟಿನಷ್ಟು ಎತ್ತರದ ಬೂದು ಪೆಟ್ಟಿಗೆ, ಪಕ್ಕದಲ್ಲಿ ಕ್ಯಾಸೆಟ್ಟು ಓಡಿಸುವ ಒಂದು ಪುಟ್ಟ ಯಂತ್ರ. ಅದನ್ನು ನೋಡಿಕೊಳ್ಳುವವರು ನಾಜನೀನ್ ಮಕಾನದಾರ. ಮೂವತ್ತೈದರ ಹುಡುಗಿ, ಕಿವಿಯ ಹಿಂದೆ ಪೆನ್ಸಿಲ್. ನಾನು ಕೂರುವ ಮೊದಲೇ ಕುರ್ಚಿಯ ಮೇಲೆ ಬೀಳುತ್ತಿದ್ದ ಏಸಿಯ ಗಾಳಿಯನ್ನು ಗೋಡೆಯ ಕಡೆ ತಿರುಗಿಸಿದರು.

"ಬಾಯಾರ, ನಿಮ್ಮ ಕ್ಯಾಸೆಟ್ಟಿನ ಸ್ಥಿತಿ ಚಲೋ ಇಲ್ರಿ," ಎಂದರು. "ಟೇಪಿನ ಮ್ಯಾಲಿನ ಕಂದು ಪುಡಿ ಉದರಾಕತ್ತೈತಿ. ಒಂದು ಸಲ ಓಡಸಬಹುದು. ಎರಡನೇ ಸಲಕ್ಕ ಏನೂ ಉಳಿಯೂದಿಲ್ಲ. ಅದಕ್ಕ ಯಾವ ಎಳಿ ಬೇಕೋ ಈಗ ಹೇಳಬೇಕು. ಆಮ್ಯಾಲ ನೆನಪಾತು ಅಂದ್ರ ನಡಿಯೂದಿಲ್ಲ."

"ಕಾಪಿಯಿಂದ ಯಾಕ ಆಗೂದಿಲ್ಲ?" ಎಂದು ಕೇಳಿದೆ. ಹೇಳುವುದನ್ನು ಸ್ವಲ್ಪ ಮುಂದೂಡುವ ಆಸೆ.

"ಕರೆಂಟಿನ ಸಲುವಾಗಿ ರೀ." ಅವರ ಮುಖ ಅರಳಿತು. "ಗಿಟಾರಿನ ಆಂಪ್ಲಿಫೈಯರು ಸಣ್ಣಗೆ ಗುಂಯ್ ಅಂತೈತಲ್ಲ? ಅದು ಕರೆಂಟಿನ ತುಯ್ತ. ಸೆಕೆಂಡಿಗೆ ಐವತ್ತು ಸಲ. ನಮಗ ಅದೇ ಗಡಿಯಾರ. ಟೇಪು ನಿಧಾನ ಓಡಿತ್ತೋ ಜೋರು ಓಡಿತ್ತೋ ಆ ಗುಂಯ್ ನೋಡಿದ್ರ ತಿಳೀತೈತಿ. ಕಾಪಿ ಮಾಡಿದಾಗೊಮ್ಮೆ ಆ ಮಷೀನಿನ ಗುಂಯ್ ಬ್ಯಾರೆ ಕೂಡತೈತಿ, ಗಡಿಯಾರ ಕೆಡತೈತಿ. ಭಾಳ ಮಂದಿ ಅಂತಾರ, ನಿಮ್ಮ ಟೇಪ್‌ರೆಕಾರ್ಡರಿನ ಸೆಲ್ಲು ಸತ್ತಿದ್ದಕ್ಕ ಶ್ರುತಿ ಕೆಟ್ಟಂಗ ಕೇಳಸತೈತಿ ಅಂತ."

"ಹೊಸ ಸೆಲ್ಲು ಹಾಕಿದ್ದೆ," ಎಂದೆ.

ಒಪ್ಪಿಗೆಯ ಹಾಳೆ ಮುಂದೆ ಬಂತು. ಜೆಸಿಂತಾ ತಮ್ಮ ತಂದೆಯ ಹೆಸರಿನ ಮುಂದೆ ಸಹಿ ಮಾಡಿ ಪೆನ್ನು ಕೆಳಗಿಟ್ಟರು. ಡ್ರಮ್ಮಿನವನ ಮಗ, ಬೇಸಿನವನ ತಂಗಿ ಮೊದಲೇ ಸಹಿ ಕಳಿಸಿದ್ದರು. ಉಳಿದ ಜನ 'ಗುಂಪು' ಎಂಬ ಒಂದೇ ಎಳೆ.

"ಇನ್ನೊಂದು ಎಳಿ ಐತ್ರಿ," ಎಂದೆ. ಲೆಕ್ಕ ಓದುವ ದನಿ ಬರಲಿಲ್ಲ. "ನಮ್ಮಪ್ಪನದು."

ಎಲ್ಲವನ್ನೂ ಹೇಳಿದೆ. ರುಮಾಲು, ಬಿಡುವು, ನಗು, ಸೆರಗು. "ಜೆಸಿಂತಾ, ನಿಮ್ಮ ತಂದೆ ಕುಡಿದಿದ್ದಿಲ್ಲ. ಹಾಡೂ ಮುಂದ ಒಬ್ಬ ಕಿವುಡ ಮುದುಕ ಬ್ಯಾರೆ ಶ್ರುತ್ಯಾಗ ಒದರಿದ್ರ ಯಾರಿಗೇ ಆಗಲಿ ದಾರಿ ತಪ್ಪತೈತಿ. ಆವಾಗಲೇ ಬಂದು ಹೇಳಬೇಕಿತ್ತು. ಹೇಳಲಿಲ್ಲ ನಾನು."

ಜೆಸಿಂತಾ ನನ್ನನ್ನು ನೋಡಲಿಲ್ಲ. ಹಾಳೆಯನ್ನೇ ನೋಡುತ್ತಿದ್ದರು. ಎದ್ದು ಕೋಣೆಯ ಹೊರಗೆ ಹೋದರು. ನಾಜನೀನ್ ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. ಹೋಗಿಬಿಟ್ಟರು, ಹೋಗಲಿ, ಅದು ನ್ಯಾಯವೇ ಎಂದು ನಾನು ಅಂದುಕೊಳ್ಳುತ್ತಿರುವಾಗ ಅವರು ತಿರುಗಿ ಬಂದರು. ಕೈಯಲ್ಲಿ ನೀರಿನ ಲೋಟ. ನನ್ನ ಮುಂದಿಟ್ಟರು.

"ಕುಡೀರಿ. ದನಿ ಒಣಗೇತಿ ನಿಮ್ಮದು," ಎಂದರು. ನಂತರ, "ಸಿಟ್ಟು ಬಂದೈತಿ ಬಾಯಾರ. ಇಲ್ಲಾ ಅನ್ನೂದಿಲ್ಲ. ಸಹಿ ಮಾಡ್ರಿ."

ಮಾಡಿದೆ. ಹಾಳೆಯ ಕೊನೆಗೆ ಇನ್ನೊಂದು ಸಾಲು ಖಾಲಿ ಇತ್ತು. "ಇದು ಯಾರದು?" ಎಂದೆ.

"ನಿಮ್ಮದ್ರಿ," ಎಂದರು ನಾಜನೀನ್. "ಮೈಕಿನ ಹಂತೇಕ ನೀವೇ ಇದ್ರಿ. ಏನರೆ ಮಾತಾಡಿರಬಹುದು."

ಅಪ್ಪನ ತೋಳು ಜಗ್ಗುತ್ತ ಏನೋ ಅಂದದ್ದು ನೆನಪಿತ್ತು. ಏನೆಂದು ನೆನಪಿರಲಿಲ್ಲ. ಅದೊಂದು ಅಳಿಸಿಹೋದರೆ ಚೆನ್ನಾಗಿತ್ತು ಎನ್ನಿಸಿತು. ಆದರೆ ಅಪ್ಪನದಕ್ಕೆ ಸಹಿ ಮಾಡಿ ನನ್ನದನ್ನು ಬಿಡುವುದು ಹೇಗೆ? ಅದಕ್ಕೂ ಮಾಡಿದೆ.

*

ಕ್ಯಾಸೆಟ್ಟು ಓಡಿತು. ನಲವತ್ತಾರು ನಿಮಿಷ. ಕಂದು ಪುಡಿ ಯಂತ್ರದ ಕೆಳಗೆ ಹಾಕಿದ್ದ ಬಿಳಿ ಬಟ್ಟೆಯ ಮೇಲೆ ಉದುರುತ್ತಿತ್ತು. ಟೇಪು ಮುಗಿದಾಗ ನಾಜನೀನ್ ಆ ಬಟ್ಟೆಯನ್ನು ಜಾಡಿಸಲಿಲ್ಲ. ನಾಲ್ಕು ಮಡಿಕೆ ಮಾಡಿ, ಕ್ಯಾಸೆಟ್ಟಿನ ಡಬ್ಬಿಯ ಜೊತೆ ನನಗೆ ಕೊಟ್ಟರು.

ಪರದೆಯ ಮೇಲೆ ಎಳೆಗಳು ಬಂದವು. ಒಂದೊಂದು ಒಂದೊಂದು ಬಣ್ಣದ ಗೆರೆ. ದನಿ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಳದಿ ಗೆರೆ ಗಿಟಾರು, ಹಸಿರು ಅಲೋಶಿಯ ದನಿ, ಕೆಂಪು ನಮ್ಮಪ್ಪ.

"ಮೊದಲ ಗಡಿಯಾರ ನೋಡೂಣು," ಎಂದರು ನಾಜನೀನ್. "ಕರೆಂಟಿನ ಗುಂಯ್ ನೆಟ್ಟಗೈತಿ. ಆಗಿನ ಕರೆಂಟು ಸ್ವಲ್ಪ ಹೆಚ್ಚುಕಡಿಮಿ ಆಗತಿತ್ತು ಖರೆ, ಆದ್ರ ಇಷ್ಟು ಲಗು ಇಳಿಯೂದಿಲ್ಲ. ಸೆಲ್ಲಿನ ತಪ್ಪಲ್ಲ. ಗಿಟಾರು ಖರೇನ ಕೆಳಗ ಇಳಿದೈತಿ."

ಜೆಸಿಂತಾ ಕಣ್ಣು ಮುಚ್ಚಿಕೊಂಡರು.

"ಈಗ ಬಾಯಾರ ಅಪ್ಪಾರು." ಕೆಂಪು ಗೆರೆ ಎದ್ದಿತು. ನಾನು ನಲವತ್ತೆರಡು ವರ್ಷಗಳ ಮೇಲೆ ಅಪ್ಪನ ದನಿ ಕೇಳಿದೆ. ಸೆರಗಿನ ಮಬ್ಬಿನ ಹಿಂದಿನಿಂದ, ರವಿವಾರದ ಜಳಕ ಮಾಡಿದ ಮನುಷ್ಯನ ಹುರುಪಿನ ದನಿ. ನಾಜನೀನ್ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. "ವಿಚಿತ್ರ ಶ್ರುತಿ ರೀ. ಅಲೋಶಿಯವರು ಹಾರ್ಮೋನಿಯಂ ಲೆಕ್ಕದಾಗ ಬಿಳಿ ಮೂರು. ಇವರು ಅದರ ಕೆಳಗಿನ ಕರಿ ಎರಡು ಅನ್ನಬೇಕು, ಆದ್ರ ಅದಕ್ಕಿಂತ ಒಂದು ಕೂದಲೆಳಿ ಕೆಳಗ. ಯಾವ ಸ್ವರಕ್ಕೂ ಕೂಡೂದಿಲ್ಲ."

"ಮಂಡಳಿಯ ಹಾರ್ಮೋನಿಯಂ ಹಳೇದು," ಎಂದೆ. "ಅದರ ಕರಿ ಎರಡು ಸ್ವಲ್ಪ ಇಳಿದಿತ್ತು. ಮೂವತ್ತು ವರ್ಷ ಅದರ ಜೋಡಿ ಹಾಡಿ ಅಪ್ಪನ ಗಂಟಲಾಗ ಅದೇ ಕುಂತಿತ್ತು. ಕಿವಿ ಹೋದ್ರೂ ಗಂಟಲು ಮರೀಲಿಲ್ಲ."

ನಾಜನೀನ್ ತಕ್ಷಣ ತಿರುಗಿ ನನ್ನನ್ನು ನೋಡಿದರು. ಆಮೇಲೆ ಹಳದಿ ಗೆರೆಯನ್ನು ದೊಡ್ಡದು ಮಾಡಿದರು. ಡ್ರಮ್ಮು ಮಾತ್ರ ನಡೆದ ಆ ಜಾಗ. ಕಾಪಿಗಳಲ್ಲಿ ಅದು ಬರೀ ದಡಬಡ. ಈಗ ಡ್ರಮ್ಮಿನ ಎಳೆ ತೆಗೆದುಬಿಟ್ಟಾಗ ಅದರ ಅಡಿಯಲ್ಲಿ ಸಣ್ಣ ಸಣ್ಣ ಶಬ್ದಗಳಿದ್ದವು. ಟಿಣ್. ಟಿಣ್ಣ್. ಟಿಂಯ್ಣ್.

"ತಂತಿ ಸಡಿಲ ಮಾಡಾಕತ್ತಾರ," ಎಂದರು ನಾಜನೀನ್ ಮೆಲ್ಲಗೆ. "ಒಂದು... ಎರಡು... ನೋಡ್ರಿ, ಆರೂ ತಂತಿ. ಮೂವತ್ತೆಂಟು ಸೆಕೆಂಡಿನಾಗ. ಡ್ರಮ್ಮಿನ ಗದ್ದಲದಾಗ, ಸಣ್ಣಗೆ ಮೀಟಿ, ಕಿವಿ ಹಚ್ಚಿ. ಆರೂ ಕರಿ ಎರಡರ ಲೆಕ್ಕಕ್ಕಿಂತ ಕೂದಲೆಳಿ ಕೆಳಗ ಬಂದು ನಿಂತಾವ. ಬಾಯಾರ ಅಪ್ಪಾರ ಶ್ರುತಿಗೆ. ಬರೀ ಕರಿ ಎರಡಕ್ಕ ಇಳಿಸಿದ್ರ ಗಿಟಾರಿನವರ ರೂಢಿ ಅನ್ನಬಹುದಿತ್ತು. ಆ ಕೂದಲೆಳಿ ಐತಲ್ಲ, ಅದು ಆ ಹಾರ್ಮೋನಿಯಂದು. ಅದನ್ನ ಕೇಳಿ ಹಿಡಿದಾರ. ಜೆಸಿಂತಾ ಅಕ್ಕಾರ, ಕುಡಿದ ಕೈಗೆ ಇದು ಸಾಧ್ಯ ಇಲ್ರಿ."

ಜೆಸಿಂತಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಮೈಕಿನಿಂದ ದೂರ ಒಂದು ಮಾತು ಐತಿ. ಡ್ರಮ್ಮಿನವಗ ಅಂದದ್ದು. ಹಾಕ್ಲಿ?" ಎಂದರು ನಾಜನೀನ್.

ಕೋಣೆಯಲ್ಲಿ ಅಲೋಶಿ ರೆಬೆಲೊನ ದನಿ ಬಂತು. ಮೂವತ್ತರ ಹುಡುಗನ ಹಾಡದ ದನಿ, ಕೆಲಸದ ನಡುವೆ ಪಕ್ಕದವನಿಗೆ ಹೇಳುವ ಹಾಗೆ: "ತಾಳ ಬಿಡಬ್ಯಾಡೋ. ಕಾಕಾ ಎತ್ಕೊಂಡಾರ. ಮಂದಿ ನಗಾಕತ್ತಾರ ಅವರ್ನ. ಕಾಕಾನ ಶ್ರುತಿಗೆ ಇಳೀತೇನಿ ನಾ."

ರೈಲ್ವೆ ಕ್ವಾರ್ಟರ್ಸಿನ ಹುಡುಗ. ಎಷ್ಟೋ ಶನಿವಾರ ಯಾರದೋ ಅಂಗಳದ ಭಜನೆಯಲ್ಲಿ ಕೂತಿದ್ದಿರಬೇಕು. ಹಿರಿಯರು ಎತ್ತಿಕೊಂಡರೆ ಉಳಿದವರು ಕೂಡಿಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿತ್ತು. ಮುಂಬೈಯವನು ಎದುರಿಗೆ ಕೂತಿದ್ದ ಎಂಬುದೂ ಗೊತ್ತಿತ್ತು.

ಹಸಿರು ಗೆರೆ ಬಂದು ಕೆಂಪು ಗೆರೆಯ ಮೇಲೆ ಕೂತಿತು. ಹಾಡಿನ ಕೊನೆಯವರೆಗೆ ಅವೆರಡು ಒಂದೇ ಗೆರೆ. ಬೇಸಿನವನು ಮಾತ್ರ ಮೊದಲಿನ ಜಾಗದಲ್ಲಿ, ಪಾಪ, ಏನೂ ತಿಳಿಯದೆ ಹೆಣಗುತ್ತಿದ್ದ.

ಆಗ ನನಗೆ ಅಪ್ಪ ಅಂಗೈ ತೋರಿಸಿದ್ದು ಅರ್ಥವಾಯಿತು. ಕ್ಲಬ್ಬಿನ ಕಬ್ಬಿಣದ ಕುರ್ಚಿಯ ಮೇಲೆ ಅವರು ಅಂಗೈ ಊರಿ ಕೂತಿದ್ದರು. ಬಾಯ್ಲರಿನ ತಗಡು ಸರಿಯಾಗಿ ಕೂತಿತೋ ಇಲ್ಲವೋ ಎಂದು ಸುತ್ತಿಗೆಯಿಂದ ಬಡಿದು ಅಂಗೈಯಲ್ಲಿ ತಿಳಿಯುತ್ತಿದ್ದವರು ಅವರು. ಎರಡು ಸ್ವರ ಹತ್ತಿರವಿದ್ದೂ ಕೂಡದಿದ್ದರೆ ಕಬ್ಬಿಣ ದಡದಡ ನಡುಗುತ್ತದೆ. ಕೂಡಿದ ಕ್ಷಣ ನಡುಕ ನಿಲ್ಲುತ್ತದೆ. ನಡುವ ಎದ್ದು ಬಂದು ನನ್ನ ಹಂತೇಕ ಕುಂತಾ ನೋಡು. ಅಪ್ಪನಿಗೆ ಅವತ್ತೇ ತಿಳಿದಿತ್ತು. ಆ ಕ್ಲಬ್ಬಿನಲ್ಲಿ ತಿಳಿದವರು ಇಬ್ಬರೇ. ಒಬ್ಬರ ಮಾತನ್ನು ಮಗಳು ಕಿವುಡರ ಮಾತು ಎಂದುಕೊಂಡಳು. ಇನ್ನೊಬ್ಬರ ಮಾತನ್ನು ಮಗಳು ಸುಳ್ಳು ಎಂದಳು.

ಯಾಕೆ ಶ್ರುತಿ ಇಳಿಸಿದೆ ಎಂದು ಅಲೋಶಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೆ, ಒಬ್ಬ ಹಿರಿಯ ತಪ್ಪು ಹಾಡಿದ ಎಂದು ಹೇಳಿದಂತಾಗುತ್ತಿತ್ತು.

ಜೆಸಿಂತಾ ಕೈ ಚಾಚಿ ಪರದೆಯ ಮೇಲಿನ ಆ ಒಂದೇ ಗೆರೆಯನ್ನು ಬೆರಳಿನಿಂದ ಮುಟ್ಟಿದರು. "ಶ್ರುತಿ ಸರಿ ಇತ್ತು," ಎಂದರು. ಇನ್ನೊಮ್ಮೆ ಅಂದರು. ನಂತರ ನನ್ನ ಸ್ವೆಟರಿನ ತೋಳನ್ನು ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ನಾಜನೀನ್ ಏಸಿಯನ್ನೇ ಆರಿಸಿಬಿಟ್ಟರು.

*

ಮಾರ್ಚಿನಲ್ಲಿ ಜೆಸಿಂತಾ ಮತ್ತೆ ಮನೆಗೆ ಬಂದರು. ಈ ಸಲ ಅಂಗಳದಲ್ಲಿ ಸಂಡಿಗೆ. ಅವರು ಬರುವರೆಂದು ಗಂಗಾ ನಡುವೆ ದಾರಿ ಬಿಟ್ಟು ಹರವಿದ್ದಳು.

ಇಂಥ ಹಳೆಯ ಮುದ್ರಣ ಹೊರತರುವಾಗ ಕೆಮ್ಮು, ನಗು, ನಡುವೆ ಹಾಡಿದವರನ್ನು ಅಳಿಸಿ ಸ್ವಚ್ಛ ಮಾಡುವುದು ಈಗಿನ ಪದ್ಧತಿ. ಸಂಗ್ರಹಾಲಯದವರು ಕೇಳಿದ್ದರಂತೆ. "ಏನೂ ತಗೀಬ್ಯಾಡ್ರಿ ಅಂದೆ," ಎಂದರು ಜೆಸಿಂತಾ. "ನಕ್ಕವರೂ ಇರಲಿ. ಇಲ್ಲಂದ್ರ ಅಪ್ಪ ಯಾಕ ಇಳಿದ್ರು ಅಂತ ತಿಳಿಯೂದಿಲ್ಲ." ಹೊದಿಕೆಯ ಹಾಳೆ ತೋರಿಸಿದರು. ನನ್ನ ಕನ್ನಡಕ ಒಳಗಿತ್ತು. ಗಂಗಾ ಗಟ್ಟಿಯಾಗಿ ಓದಿದಳು:

"ಹಾಡು, ಗಿಟಾರ್: ಅಲೋಶಿ ರೆಬೆಲೊ. ಹಿಮ್ಮೇಳ: ಗುರುಪಾದಪ್ಪ ಕಮ್ಮಾರ, ಬಾಯ್ಲರ್ ಶಾಪ್." ಓದಿ ಮುಗಿಸಿ ಮೂಗು ಒರೆಸಿಕೊಂಡಳು. "ಅಪ್ಪಗ ಗೊತ್ತಾಗಿದ್ರ ಶಾಪಿಗೆಲ್ಲಾ ಪೇಢೆ ಹಂಚತಿದ್ದ."

"ನಿಮ್ಮದೂ ಒಂದು ಮಾತು ಉಳಿದೈತ್ರಿ ಬಾಯಾರ," ಎಂದರು ಜೆಸಿಂತಾ. "ಬ್ಯಾಡ ಅಂದ್ರ ಈಗ್ಲೂ ತಗಸತೇನಿ. ಕೇಳಿ ಹೇಳ್ರಿ."

ಹಾಡು ಹಾಕಿದರು. ನಮ್ಮ ಪಡಸಾಲೆಯಲ್ಲಿ ಆ ಕ್ಲಬ್ಬಿನ ಫ್ಯಾನುಗಳು ತಿರುಗಿದವು, ಕುರ್ಚಿಗಳು ಕಿರುಗುಟ್ಟಿದವು. ಅಲೋಶಿ ಹಾಡಿದ. ಬಿಡುವು ಬಂತು. ಅಪ್ಪ ಹಾಡಿದರು. ನಗು ಎದ್ದಿತು. ಆ ನಗುವಿನ ಒಳಗೆ, ಮೈಕಿನ ತೀರ ಹತ್ತಿರ, ಒಂದು ಹುಡುಗಿಯ ಗಾಬರಿಯ ಪಿಸುಮಾತು: "ಅಪ್ಪಾ, ಸುಮ್ಮನಿರ್ರಿ! ಎಲ್ಲಾರೂ ನೋಡಾಕತ್ತಾರ."

ಅದರ ಮರುಗಳಿಗೆ ಅಪ್ಪನ ಉತ್ತರ. ನಾನು ಅವತ್ತು ಕೇಳಿಸಿಕೊಂಡೇ ಇರಲಿಲ್ಲ. ಜನರ ಮುಖ ನೋಡುತ್ತಿದ್ದೆ. ಸಿಟ್ಟಿಲ್ಲ, ನಾಚಿಕೆಯಿಲ್ಲ. ವರ್ಕ್‌ಶಾಪಿಗೆ ಹೊತ್ತಾಯಿತು ಎನ್ನುವಾಗ ಹೇಳುತ್ತಿದ್ದ ಅದೇ ಸಹಜ ದನಿ:

"ನಮ್ಮ ಪಾಳಿ ಐತಲ್ಲ ನೀಲಾ. ನೀನೂ ಹಾಡು."

ಜೆಸಿಂತಾ ನನ್ನ ಕಡೆ ನೋಡಿದರು. ಇರಲಿ ಎಂದು ತಲೆಯಾಡಿಸಿದೆ. ಡ್ರಮ್ಮು ನಡೆಯಿತು. ಟಿಣ್, ಟಿಂಯ್ಣ್ ಎಂದು ಆರು ತಂತಿಗಳು ಒಂದೊಂದಾಗಿ ಇಳಿದು ಬಂದವು. ಅಲೋಶಿ ಮತ್ತೆ ಸಾಲು ಎತ್ತಿದ, ಈಗ ನಮ್ಮ ಮಂಡಳಿಯ ಹಳೆಯ ಹಾರ್ಮೋನಿಯಂನ ಶ್ರುತಿಯಲ್ಲಿ:

ಭೋಂಗಾ ಊದಿತು, ಏಳೋ ಅಣ್ಣಾ...

ಬಿಡುವು ಬಂತು. ಗಂಗಾ ನನ್ನ ಮೊಣಕೈಗೆ ತಿವಿದಳು. ಎಪ್ಪತ್ತೆಂಟರ ಗಂಟಲು ಏನು ಮಾಡೀತೆಂದು ಯೋಚಿಸದೆ, ಕುರ್ಚಿಯ ಕೈಯ ಮೇಲೆ ಅಂಗೈ ಊರಿ, ನಾನು ಹಾಡಿದೆ.